ಬುದ್ಧಪೂರ್ಣಿಮೆಯ ಮೀನುಗಳು

ಕ್ಯಾಟ್‌ಫಿಶ್ ಸುಲಭಕ್ಕೆ ಸಾಯುವ ಮೀನಲ್ಲ. ತಲೆಗೆ ಬಾರಿಸಿದರೆ ಬಾರಿಸಿದವರ ಕೈಯೇ ನೋಯುತ್ತದೆ, ಅದರ ಬುರುಡೆ ಅಷ್ಟು ಗಟ್ಟಿ. ನೀರಿನಿಂದ ಎತ್ತಿ ದಡಕ್ಕೆ ಎಸೆದರೆ ಗಾಳಿಯನ್ನೇ ಕುಡಿದುಕೊಂಡು ಗಂಟೆಗಟ್ಟಲೆ ಬಿದ್ದಿರುತ್ತದೆ. ಹೊಟ್ಟೆ ಸೀಳಿದ ಮೇಲೂ ಅದರ ಬಾಯಿ ತೆರೆದು ಮುಚ್ಚುವುದನ್ನು ನಾನು ನೋಡಿದ್ದೇನೆ. ಜಯನಗರದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟೇ ನನಗೆ ವಯಸ್ಸಾಗಿದೆ. ಇದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ನಮ್ಮ ಮನೆಯ ಹಿಂದಿನ ಕುಂಟೆಯ ಮೆಟ್ಟಿಲ ಮೇಲೆ ಕಬ್ಬಿಣದ ಸಲಾಕೆ ಹಿಡಿದು ಕಲಿತಿದ್ದು.

ಕುಂಟೆ ಎಂದರೆ ಬಾವಿಗಿಂತ ದೊಡ್ಡದು, ಕೆರೆಗಿಂತ ಚಿಕ್ಕದು. ಜೆ.ಪಿ. ನಗರ ಇನ್ನೂ ರಾಗಿ ಹೊಲವಾಗಿದ್ದಾಗ ಪುಟ್ಟೇನಹಳ್ಳಿ ಕಡೆಯ ನಮ್ಮ ಕೇರಿಯವರನ್ನು ಊರಬಾವಿಯ ಹತ್ತಿರ ಸೇರಿಸುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಕದ್ದು ನೀರು ಸೇದಿದ ಅಜ್ಜನ ತಮ್ಮನ ಬೆರಳುಗಳನ್ನು ಕಲ್ಲಿನಿಂದ ಜಜ್ಜಿದರಂತೆ. ಆ ವರ್ಷವೇ ಅಜ್ಜ ಮತ್ತು ಅವನ ಓರಗೆಯವರು ಬಂಡೆ ಒಡೆದು ಈ ಕುಂಟೆ ತೋಡಿದರು. ಈಗ ಅದರ ಮೂರು ಕಡೆ ಅಪಾರ್ಟ್‌ಮೆಂಟಿನ ಗೋಡೆ, ಇನ್ನೊಂದು ಕಡೆ ನಮ್ಮ ಮನೆ ಮತ್ತು ಕೇರಿಯ ಪುಟ್ಟ ಬುದ್ಧವಿಹಾರ. ನೀರನ್ನು ಈಗ ಯಾರೂ ಕುಡಿಯುವುದಿಲ್ಲ. ಆದರೂ ಕುಂಟೆ ನಮ್ಮದು, ಅದರ ಮೀನೂ ನಮ್ಮವು ಎಂದೇ ನಾವು ಬೆಳೆದೆವು.

ಹಾಗಂತ ಅದು ಆಶ್ರಮವಾಗಿತ್ತು ಎಂದುಕೊಳ್ಳಬೇಡಿ. ಗೆಂಡೆ ಮೀನು ಹುಳು ತಿನ್ನುತ್ತಿತ್ತು, ಕುಚ್ಚು ಮೀನು ಗೆಂಡೆಯನ್ನು ನುಂಗುತ್ತಿತ್ತು, ನೀರುಹಾವು ಕಪ್ಪೆಯನ್ನು ಹಿಂಗಾಲಿನಿಂದ ಹಿಡಿದು ಜೀವಂತವಾಗಿ ಒಳಗೆಳೆದುಕೊಳ್ಳುತ್ತಿತ್ತು. ಕಪ್ಪೆ ಅರ್ಧ ಒಳಗೆ ಹೋದ ಮೇಲೂ ಕಿರುಚುತ್ತಿತ್ತು. ಬೆಳಗ್ಗೆ ಮುಖ ತೊಳೆಯುತ್ತಾ ನಾವು ಅದನ್ನೆಲ್ಲ ನೋಡುತ್ತಿದ್ದೆವು. ಆದರೆ ಆ ಕೊಲೆಗಳಿಗೆ ಒಂದು ಲಯವಿತ್ತು. ಕುಚ್ಚಿನ ನೆರಳು ಬಿದ್ದರೆ ಗೆಂಡೆ ಹುಲ್ಲಿನೊಳಗೆ ಓಡುತ್ತಿತ್ತು. ಬೆಳ್ಳಕ್ಕಿ ಇಳಿದರೆ ಎಲ್ಲವೂ ತಳ ಸೇರುತ್ತಿದ್ದವು. ಯಾರಿಗೆ ಹೆದರಬೇಕು, ಎಲ್ಲಿ ಅಡಗಬೇಕು ಎಂಬುದು ಅವಕ್ಕೆ ಹುಟ್ಟುತ್ತಲೇ ಗೊತ್ತಿರುತ್ತಿತ್ತು.

ಕುಚ್ಚು ಮೀನನ್ನು ಪೇಟೆಯವರು ಕೊರಮೀನು ಎನ್ನುತ್ತಾರೆ. ತಲೆ ಹಾವಿನದು, ಮೈ ಮೊಳದುದ್ದ. ನೋಡಿದರೆ ರೌಡಿ, ಆದರೆ ಮರಿ ಸಾಕುವುದರಲ್ಲಿ ತಾಯಂದಿರನ್ನೂ ಮೀರಿಸುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಅದರ ಮರಿಗಳು ಹುಟ್ಟುತ್ತವೆ. ಕೆಂಡದ ಬಣ್ಣದ ನೂರಾರು ಮರಿಗಳು ಒಂದೇ ಗುಂಪಾಗಿ ಮೇಲೆ ಬಂದು, ಉಸಿರೆಳೆದುಕೊಂಡು, ಒಟ್ಟಿಗೆ ಕೆಳಗಿಳಿಯುತ್ತವೆ. ನೀರಿನ ಮೇಲೆ ಯಾರೋ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತದೆ. ಅವುಗಳ ಕೆಳಗೆ ಗಂಡು ಹೆಣ್ಣು ಎರಡೂ ಕಾವಲು. ಮರಿ ಇರುವಾಗ ಕುಚ್ಚು ಹಿಡಿಯಬಾರದು ಎಂದು ಕೇರಿಯಲ್ಲಿ ಕಟ್ಟುನಿಟ್ಟು. ಹಸಿದ ಕಾಲದಲ್ಲೂ ಯಾರೂ ಹಿಡಿಯಲಿಲ್ಲ. ಅಮ್ಮ ಇರುವವರೆಗೆ ಅವಳೇ ಅವಕ್ಕೆ ಅನ್ನ ಹಾಕುತ್ತಿದ್ದಳು. ಅವಳು ಹೋದ ಮೇಲೆ ಅಕ್ಕ. ಅಷ್ಟೊತ್ತಿಗೆ ಸುತ್ತಲಿನ ಕಟ್ಟಡಗಳ ಸಿಮೆಂಟು ನೀರು ಇಳಿದು ಇಳಿದು, ಕುಂಟೆಯಲ್ಲಿ ಕುಚ್ಚಿನ ಒಂದೇ ಒಂದು ಜೋಡಿ ಉಳಿದಿತ್ತು.

ಜಿಲೇಬಿ ಮೀನೂ ಇತ್ತು. ಅದು ಆಫ್ರಿಕಾದ್ದು ಎಂದು ಎಂ.ಎಸ್ಸಿ. ಓದುವಾಗ ತಿಳಿದು, ದೊಡ್ಡ ಪಂಡಿತನ ಹಾಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಅದೇ ಮೀನಿನ ಸಾರು ಕುದಿಸುತ್ತಿದ್ದಳು. ಸೌಟು ನನ್ನ ಕಿವಿಯ ಪಕ್ಕ ಹಾದುಹೋಯಿತು.

"ಮುಚ್ಚೋ ಬಾಯಿ. ನಮ್ ನೀರ್ ಕುಡ್ದು ಬೆಳ್ದಿದ್ದು ನಮ್ದಲ್ದೆ ಇನ್ಯಾರ್ದೋ?"

ಅವಳ ಮಾತಿನಲ್ಲೂ ಸತ್ಯವಿತ್ತು. ಜಿಲೇಬಿ ಬಂದ ಹೊಸತರಲ್ಲಿ ಗೆಂಡೆಯ ಪಾಲು ಕಿತ್ತುಕೊಂಡಿರಲೇಬೇಕು. ಆದರೆ ಕುಚ್ಚು ಅದನ್ನೂ ತಿನ್ನಲು ಕಲಿಯಿತು, ಬೆಳ್ಳಕ್ಕಿಯೂ ಕಲಿಯಿತು. ಹೊಡೆದಾಡುತ್ತಲೇ ಎಲ್ಲವೂ ಒಂದೇ ನೀರಿನಲ್ಲಿ ಉಳಿದವು. ಹೊರಗಿನಿಂದ ಬಂದದ್ದಕ್ಕೆಲ್ಲ ಒಂದೇ ಹಣೆಪಟ್ಟಿ ಹಚ್ಚಲು ಆಗುವುದಿಲ್ಲ ಎಂದು ನಾನು ಇವತ್ತಿಗೂ ತರಗತಿಯಲ್ಲಿ ಹೇಳುತ್ತೇನೆ.

ಇನ್ನು ನಮ್ಮ ಮನೆಯ ವಿಷಯ. ಅಪ್ಪ ಬೆಲ್ಟಿನಲ್ಲಿ ಹೊಡೆಯುತ್ತಿದ್ದ. ಅಮ್ಮನಿಗೆ, ಅಕ್ಕನಿಗೆ, ನನಗೆ, ಕೈಗೆ ಯಾರೂ ಸಿಗದಿದ್ದರೆ ಎಮ್ಮೆಗೆ. ಹೊಡೆಯುವಾಗ ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ತೃಪ್ತಿ ಇರುತ್ತಿತ್ತು. ನನಗೆ ಬೆಲ್ಟಿಗಿಂತ ಆ ಮುಖದ ಭಯ ಹೆಚ್ಚು. ಅವನು ಸತ್ತ ಮೇಲೆ ಅಮ್ಮನೂ ಅಕ್ಕನೂ ಒಟ್ಟಿಗೆ ಧಮ್ಮದೀಕ್ಷೆ ತೆಗೆದುಕೊಂಡರು. ಪಂಚಶೀಲದ ಮೊದಲನೆಯದೇ ಪ್ರಾಣ ತೆಗೆಯುವುದಿಲ್ಲ ಎಂಬುದು. ಅಮ್ಮ ಮೀನಿನ ಸಾರಿಗೆ ಅದರಿಂದ ವಿನಾಯಿತಿ ಕೊಟ್ಟುಕೊಂಡಳು. ಅಕ್ಕ ಕೊಟ್ಟುಕೊಳ್ಳಲಿಲ್ಲ. "ಈ ಮನೇಲಿ ಇನ್ಮೇಲೆ ಯಾರೂ ಕೈ ಎತ್ತಂಗಿಲ್ಲ" ಎಂದು ಘೋಷಿಸಿದಳು. ಜಿರಳೆಯನ್ನು ಸಹ ಮೊರದಲ್ಲಿ ಹಿಡಿದು ಹೊರಗೆ ಬಿಡುತ್ತಿದ್ದಳು. ಮದುವೆಯನ್ನೂ ಆಗಲಿಲ್ಲ, ಯಾಕೆ ಎಂದು ಕೇಳಿದವರಿಗೆ ಗೋಡೆಯ ಮೇಲಿನ ಅಪ್ಪನ ಫೋಟೋ ತೋರಿಸುತ್ತಿದ್ದಳು. ಬನಶಂಕರಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟು ನನ್ನನ್ನು ಓದಿಸಿದವಳು ಅವಳೇ. ಅಪ್ಪನ ಸಿಟ್ಟು ನನಗೆ ಬಂದಿದೆ, ಅವನ ಬೋಳುತಲೆಯ ಜೊತೆಗೆ. ಅವಳಿಗೆ ಅದು ಗೊತ್ತಿತ್ತು, ಗೊತ್ತಿದ್ದೇ ಕಣ್ಣಿಟ್ಟಿದ್ದಳು.

ಒಂದು ಬುದ್ಧಪೂರ್ಣಿಮೆಗೆ ಮುಂಚೆ ವಿಹಾರದ ಹೆಂಗಸರಲ್ಲಿ ಒಂದು ಮಾತು ಹುಟ್ಟಿತು. ಬೈಲುಕುಪ್ಪೆಗೆ ಹೋಗಿ ಬಂದವರೊಬ್ಬರು, ಅಲ್ಲಿನ ಟಿಬೆಟಿನವರು ಕೊಲ್ಲಲು ಇಟ್ಟ ಪ್ರಾಣಿಯನ್ನು ಕೊಂಡು ಬಿಡುಗಡೆ ಮಾಡುತ್ತಾರೆ, ಅದಕ್ಕಿಂತ ದೊಡ್ಡ ಪುಣ್ಯವಿಲ್ಲ ಎಂದರು. ನಮ್ಮ ಕುಂಟೆ ಇರುವಾಗ ಮೀನನ್ನೇ ಬಿಡೋಣ ಎಂದು ತೀರ್ಮಾನವಾಯಿತು. ಅಕ್ಕ ಮಡಿವಾಳದ ಮಾರ್ಕೆಟ್ಟಿಗೆ ಹೋದಳು. ಸತ್ತ ಮೀನಿಗೆ ಪ್ರಾಣ ಕೊಡಲಾಗುವುದಿಲ್ಲವಲ್ಲ, ಆದ್ದರಿಂದ ಬದುಕಿರುವ ಮೀನೇ ಬೇಕು. ಐಸಿನ ಮೇಲೆ ಮಲಗಿದ್ದವೆಲ್ಲ ಸತ್ತವು. ಟಬ್ಬಿನಲ್ಲಿ ಒಂದರ ಮೇಲೊಂದು ಹೊರಳುತ್ತಾ ಬದುಕಿದ್ದದ್ದು ಒಂದೇ ಜಾತಿ. ಮೀನು ಕೊಯ್ಯುವವನು ಅವುಗಳಲ್ಲಿ ಒಂದನ್ನು ಹಲಗೆಗೆ ಒತ್ತಿ ಹಿಡಿದು ಮಚ್ಚು ಎತ್ತಿದ್ದನಂತೆ. ಅಕ್ಕ ಅಲ್ಲೇ ಅವನ ಕೈ ಹಿಡಿದಳಂತೆ. ಟಬ್ಬಿನಲ್ಲಿದ್ದಷ್ಟನ್ನೂ ಬಕೆಟ್ಟುಗಳಿಗೆ ತುಂಬಿಸಿ ಆಟೋದಲ್ಲಿ ತಂದಳು. ಬುದ್ಧವಂದನೆ ಮುಗಿಸಿ, ಹೂವಿನ ಜೊತೆಗೆ, ಒಂದೊಂದನ್ನೇ ಎರಡು ಕೈಯಲ್ಲಿ ಎತ್ತಿ ಕುಂಟೆಗೆ ಬಿಟ್ಟರು. ಕೆಲವರು ಅತ್ತರಂತೆ.

ಮೌಲ್ಯಮಾಪನಕ್ಕೆ ಬೇರೆ ಊರಿಗೆ ಹೋಗಿದ್ದ ನಾನು ಮರಳಿ ಬಂದಾಗ ಅಕ್ಕನ ಮುಖ ಬೆಳಗುತ್ತಿತ್ತು. ಮೀಸೆ ಇತ್ತಾ ಎಂದು ಕೇಳಿದೆ. ಉದ್ದುದ್ದ ಮೀಸೆ ಎಂದಳು. ಹಾಗಾದರೆ ಅದು ಕ್ಯಾಟ್‌ಫಿಶ್. ಬಲೆ ಹಾಕಿಸಿ ತೆಗೆಸೋಣ ಎಂದರೆ ಕೇಳಲಿಲ್ಲ.

"ತೆಗ್ದು ಏನ್ ಮಾಡ್ತೀಯ? ಮತ್ತೆ ಅದೇ ಹಲಗೆಗೆ ಹಾಕ್ತೀಯಾ? ಇಷ್ಟ್ ದೊಡ್ಡ ಕುಂಟೇಲಿ ಬದ್ಕೊಂಡ್ ಹೋಗ್ಲಿ ಬಿಡೋ. ಜಿಲೇಬಿ ಬದುಕ್ಲಿಲ್ವಾ?"

ಜಿಲೇಬಿಯ ಕಥೆ ಹೇಳಿ ಅಮ್ಮನನ್ನು ಕೆಣಕಿದವನು ನಾನೇ. ಈಗ ಅದೇ ಮಾತನ್ನು ನನಗೆ ತಿರುಗಿಸಿದಳು. ಎರಡಕ್ಕೂ ವ್ಯತ್ಯಾಸವಿದೆ ಎಂದು ಹೇಳುವಷ್ಟರಲ್ಲಿ ಅವಳು ಎದ್ದು ಹೋಗಿದ್ದಳು.

ಆ ವ್ಯತ್ಯಾಸವನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ, ಸಮುದ್ರದ ಉದಾಹರಣೆ ಕೊಟ್ಟು. ಹಡಗಿನ ತಳಕ್ಕೆ ಅಂಟಿಕೊಂಡು, ಹಡಗು ತೂಕಕ್ಕೆ ತುಂಬಿಕೊಂಡ ನೀರಿನಲ್ಲಿ ತೇಲಿಕೊಂಡು, ಒಂದು ಸಮುದ್ರದ ಜೀವ ಇನ್ನೊಂದು ಸಮುದ್ರ ಸೇರುತ್ತದೆ. ಹೆಚ್ಚಿನವು ಅಲ್ಲಿ ಸಾಯುತ್ತವೆ. ಕೆಲವು ಮೂಲೆ ಹಿಡಿದು ಹೇಗೋ ಬದುಕುತ್ತವೆ. ಯಾವುದೋ ಒಂದು ಮಾತ್ರ ಇಡೀ ಮನೆಯನ್ನೇ ನುಂಗುತ್ತದೆ. ಸಿಂಹಮೀನು ಹೊಸ ಸಮುದ್ರಕ್ಕೆ ಹೋದಾಗ ಅಲ್ಲಿನ ಸಣ್ಣ ಮೀನುಗಳಿಗೆ ಅದು ಬೇಟೆಗಾರ ಎಂದೇ ತಿಳಿಯಲಿಲ್ಲ. ರೆಕ್ಕೆ ಅಗಲಿಸಿ ಹತ್ತಿರ ಬಂದರೂ ಅವು ಓಡುವುದಿಲ್ಲ, ಸುಮ್ಮನೆ ನಿಂತು ಬಾಯಿಗೆ ಸಿಗುತ್ತವೆ. ಹಳೆಯ ಶತ್ರು ಎಷ್ಟು ಕ್ರೂರಿಯಾದರೂ ಅವನ ಹೆಜ್ಜೆ ಸಪ್ಪಳ ಗೊತ್ತಿರುತ್ತದೆ. ಹೊಸಬನದು ಗೊತ್ತಿರುವುದಿಲ್ಲ, ಗೊತ್ತಾಗುವ ತನಕ ಬದುಕಿರಲು ಅವನು ಬಿಡುವುದೂ ಇಲ್ಲ. ಮಕ್ಕಳು ಬರೆದುಕೊಳ್ಳುತ್ತಾರೆ. ನಾನು ಸಂಬಳ ತೆಗೆದುಕೊಂಡು ಮನೆಗೆ ಬರುತ್ತೇನೆ. ಮನೆಯ ಹಿಂದೆ ಅದೇ ಪಾಠ ನಡೆಯುತ್ತಿತ್ತು.

ಮೊದಲು ಹೋದದ್ದು ಕಪ್ಪೆಗಳ ಸದ್ದು. ಮಳೆ ಬಿದ್ದ ಸಂಜೆ ಕಿವಿ ಕಿತ್ತುಹೋಗುವಂತೆ ವಟಗುಟ್ಟುತ್ತಿದ್ದ ಕುಂಟೆ ಸುಮ್ಮನಾಯಿತು. ಆಮೇಲೆ ಗೆಂಡೆಗಳು. ನೀರುಕೋಳಿ ತನ್ನ ಕಪ್ಪು ಮರಿಗಳನ್ನು ಸಾಲಾಗಿ ಕರೆದುಕೊಂಡು ಹೋಗುವಾಗ ಕೊನೆಯ ಮರಿ ಇದ್ದಕ್ಕಿದ್ದಂತೆ ನೀರಿನೊಳಗೆ ಎಳೆಯಲ್ಪಟ್ಟಿತು. ಒಂದು ಗುಳುಕು, ಅಷ್ಟೇ. ತಾಯಿ ಹಿಂತಿರುಗಿ ನೋಡುವಷ್ಟರಲ್ಲಿ ಇನ್ನೊಂದು ಹೋಯಿತು. ಜಿಲೇಬಿಯೂ ಈ ಕ್ಯಾಟ್‌ಫಿಶ್‌ನ ಹಾಗೆ ಆಫ್ರಿಕಾದ್ದೇ, ಆದರೂ ಊರಿನವನೆಂಬ ರಿಯಾಯಿತಿ ಅದಕ್ಕೆ ಸಿಗಲಿಲ್ಲ. ಬಾಯೊಳಗೆ ಮರಿ ಇಟ್ಟುಕೊಂಡು ಸಾಕುವ ಆ ಬಡಪಾಯಿಯನ್ನು ಮರಿ ಸಮೇತ ನುಂಗಿದವು. ಅಕ್ಕ ಹಾಕುವ ಅನ್ನಕ್ಕೆ ಈಗ ಮೀಸೆಯ ಬಾಯಿಗಳು ಮಾತ್ರ ಬರುತ್ತಿದ್ದವು. ಕೊನೆಗೆ ಅವಳು ಅನ್ನ ಹಾಕುವುದನ್ನು ನಿಲ್ಲಿಸಿದಳು.

ಮುಂದಿನ ಮಳೆಗಾಲದಲ್ಲಿ ಕುಚ್ಚು ಮರಿ ಮಾಡಿತು. ನೀರಿನ ಮೇಲೆ ಆ ಕೆಂಪು ಕಂಡ ದಿನ ಅಕ್ಕ ಅಂಗಡಿಗೆ ಹೋಗಲಿಲ್ಲ, ನಾನು ಕಾಲೇಜಿಗೆ ರಜೆ ಹಾಕಿದೆ. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಈ ಮರಿಗಳು ಉಳಿದರೆ ಕುಂಟೆಯಲ್ಲಿ ಕುಚ್ಚು ಉಳಿಯುತ್ತದೆ, ಇಲ್ಲವಾದರೆ ಅಮ್ಮನ ಕಾಲಕ್ಕಿಂತ ಹಿಂದಿನಿಂದ ಬಂದದ್ದು ನಮ್ಮ ಕಣ್ಣೆದುರು ಮುಗಿಯುತ್ತದೆ.

ಮರಿಗಳು ಉಸಿರಿಗೆಂದು ಮೇಲೆ ಬಂದವು. ಅವುಗಳ ನಡುವಿನಿಂದ ಒಂದು ಚಪ್ಪಟೆ ಕರಿತಲೆ ಎದ್ದಿತು. ಬಾಯಿ ಚೀಲದ ಹಾಗೆ ತೆರೆಯಿತು. ಗುಂಪಿನ ನಡುವೆ ಒಂದು ತೂತು ಬಿದ್ದಿತು. ಕುಚ್ಚು ಅದರ ಪಕ್ಕೆಗೆ ಡಿಕ್ಕಿ ಹೊಡೆಯಿತು, ಕಚ್ಚಿ ಜಗ್ಗಿತು, ನೀರು ಕುದಿಯಿತು. ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಇನ್ನೆರಡು ಬಾಯಿಗಳು. ಕುಚ್ಚು ಒಂದು ಕಡೆ ಓಡಿದರೆ ಇನ್ನೊಂದು ಕಡೆ ಬರಿದಾಗುತ್ತಿತ್ತು. ಕಾವಲು ಕಾಯುವ ಅದರ ವಿದ್ಯೆಯೆಲ್ಲ ಒಂದೊಂದಾಗಿ ಬರುವ ಶತ್ರುವಿಗೆ ಕಲಿತದ್ದು. ಇವು ಹಿಂಡಾಗಿ ಬಂದಿದ್ದವು.

ನಾನು ಸಲಾಕೆ ಹಿಡಿದು ನೀರಿಗೆ ಇಳಿದದ್ದು ನೆನಪಿದೆ. ಒಂದನ್ನು ಕಿವಿರಿಗೆ ಬೆರಳು ಹಾಕಿ ಮೆಟ್ಟಿಲಿಗೆ ಎಳೆದು ತಂದೆ. ಅದರ ಮುಳ್ಳು ಅಂಗೈ ಸೀಳಿತು. ಹೊಡೆದೆ. ಸಾಯಲಿಲ್ಲ. ಮತ್ತೆ ಹೊಡೆದೆ. ಕಣ್ಣು ಹೊರಗೆ ಬಂತು, ದವಡೆ ಮುರಿಯಿತು, ಆದರೂ ಅದು ಮೆಟ್ಟಿಲಿನಿಂದ ನೀರಿನ ಕಡೆಗೆ ಹೊರಳುತ್ತಿತ್ತು. ಕಾಲಿನಿಂದ ಒತ್ತಿ ಹಿಡಿದು ಹೊಡೆದೆ. ರಕ್ತ ನನ್ನ ಕನ್ನಡಕಕ್ಕೆ ಸಿಡಿಯಿತು. ನಿಜ ಹೇಳುತ್ತೇನೆ, ನನಗೆ ಹಿತವಾಗುತ್ತಿತ್ತು.

ಅಕ್ಕ ನನ್ನನ್ನು ತನ್ನ ಕಡೆಗೆ ತಿರುಗಿಸಿ ಕೆನ್ನೆಗೆ ಬಾರಿಸಿದಳು. ದೀಕ್ಷೆ ತೆಗೆದುಕೊಂಡಾಗಿನಿಂದ ಅವಳು ಯಾರನ್ನೂ ಹೊಡೆದದ್ದಿಲ್ಲ. ಹೊಡೆದ ತನ್ನ ಕೈಯನ್ನೇ ನೋಡಿಕೊಂಡಳು.

"ನಗ್ತಾ ಇದ್ಯಲ್ಲೋ ನೀನು. ಹೊಡೀತಾ ನಗ್ತಾ ಇದ್ಯಲ್ಲೋ. ಥೇಟ್ ಅಪ್ಪನ್ ಮುಖ."

ಅವತ್ತಿನಿಂದ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು. ಬಲೆ ಹಾಕಿದೆ, ಅವು ತಳದ ಕೆಸರು ಸೇರಿದವು. ದಿನದಿಂದ ದಿನಕ್ಕೆ ಆ ಕೆಂಪು ಸಣ್ಣದಾಗುತ್ತಾ ಬಂತು. ಮೊರದಷ್ಟಿದ್ದದ್ದು ಅಂಗೈಯಷ್ಟಾಯಿತು. ಒಂದು ಬೆಳಗ್ಗೆ ಕಾಣಲೇ ಇಲ್ಲ. ಹೆಣ್ಣು ಕುಚ್ಚು ಬಾಲದ ಕಡೆಯ ಮಾಂಸ ಕಿತ್ತುಹೋಗಿ ದಡಕ್ಕೆ ಬಂದು ತೇಲುತ್ತಿತ್ತು. ಗಂಡು ಕಾಣಲಿಲ್ಲ. ಅಕ್ಕ ಸತ್ತ ಮೀನನ್ನು ಅಮ್ಮನ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಹಿತ್ತಲಿನಲ್ಲಿ ಹೂತಳು.

ನೀರೆಲ್ಲ ಖಾಲಿ ಮಾಡಿಸಿ ಒಂದೂ ಬಿಡದೆ ಕೊಲ್ಲೋಣ ಎಂದೆ.

"ಮರಿನೂ ಹೋಯ್ತು, ತಾಯಿನೂ ಹೋಯ್ತು. ಇನ್ಯಾರಿಗೋಸ್ಕರ ಕೊಲ್ತೀಯ? ಅದು ಸೇಡು ಕಣೋ. ತಪ್ಪು ನಂದು. ನಾನ್ ಮಾಡಿದ್ದುಣ್ಬೇಕಾದೋಳು ನಾನು. ಅವೇನ್ ಮಾಡಿದ್ವು? ಹಸಿವಾಯ್ತು, ತಿಂದ್ವು."

ಕೊಲ್ಲುವ ಮಾತು ಬಿಟ್ಟೆ. ಸಿಟ್ಟು ಮಾತ್ರ ಇತ್ತು. ಅದು ಬೇರೆ ಕಡೆ ಹೊರಟಿತು.

ಪಕ್ಕದ ಅಪಾರ್ಟ್‌ಮೆಂಟಿನ ಹಿರಿಯರೊಬ್ಬರು ಗೋಡೆಯ ಮೇಲಿನಿಂದ ಕುಂಟೆಯ ಕಥೆಯನ್ನೆಲ್ಲ ನೋಡುತ್ತಿದ್ದರು. ಹಳೇ ಊರಿನ ಜಮೀನುದಾರರ ಮನೆತನ. ಅವರ ಹೊಲದ ಮೇಲೇ ಆ ಕಟ್ಟಡ ಎದ್ದದ್ದು. ಒಂದು ಸಂಜೆ ಗೇಟಿನ ಹತ್ತಿರ ಸಿಕ್ಕರು. ನನ್ನ ಜೊತೆಗೆ ನಮ್ಮ ಮಹಡಿಮನೆಯ ಬಾಡಿಗೆದಾರರಿದ್ದರು. ಬಾಗಲಕೋಟೆ ಕಡೆಯವರು, ಬಿಟಿಎಂನ ಆಫೀಸು ಕಟ್ಟಡವೊಂದರಲ್ಲಿ ಪಂಪು ಜನರೇಟರ್ ನೋಡಿಕೊಳ್ಳುವವರು, ಹೆಂಡತಿಯೊಂದಿಗೆ ಆ ವರ್ಷವೇ ಬಂದಿದ್ದರು.

"ನೋಡಿ ಸಾರ್," ಎಂದರು ಹಿರಿಯರು. "ಹೊರಗಿಂದ ಬಂದಿದ್ದೆಲ್ಲಾ ಹಿಂಗೇ. ಮೀನಾಗ್ಲಿ, ಜನ ಆಗ್ಲಿ. ಬರ್ತಾವೆ, ಮೇಯ್ತಾವೆ, ಲೋಕಲ್‌ನವ್ರನ್ನ ಮುಗಿಸ್ತಾವೆ."

ಬಾಡಿಗೆದಾರರು ಮೀಸೆ ತಿರುವಿದರು. "ಹಂಗಾದ್ರ ನಾನೂ ಆ ಮೀನಿನ ಪೈಕಿ ಏನ್ರಿ ಸರ್? ಮೀಸಿ ನೋಡಿದ್ರ ಹೌದು ಅನಸ್ತೈತಿ ಬಿಡ್ರಿ."

ಅವರು ನಕ್ಕು ಮುಗಿಸಿದರು. ನನಗೆ ಆಗಲಿಲ್ಲ. ಹಿರಿಯರ ಕಾಲರ್ ಹಿಡಿದು ಗೇಟಿಗೆ ಒತ್ತಿದ್ದೆ.

"ಇದೇ ಊರಲ್ಲಿ ಹುಟ್ಟಿದೋನು ನಮ್ ಚಿಕ್ಕತಾತ. ನೀರ್ ಸೇದಿದ್ದಕ್ಕೆ ಅವನ ಬೆರಳು ಜಜ್ಜಿದ್ದು ಯಾವ ಹೊರಗಿನೋನು ಅಂಕಲ್? ಹೇಳಿ, ಯಾವನು?"

ಬಾಡಿಗೆದಾರರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಹಿರಿಯರು ಕೆಮ್ಮುತ್ತಾ ಹೋದರು. ಮೀನಿನ ಮಾತನ್ನು ಮನುಷ್ಯರಿಗೆ ಹಚ್ಚುವವರನ್ನು ಕಂಡರೆ ನನಗೆ ಈಗಲೂ ಮೈಯುರಿಯುತ್ತದೆ. ಮೀನು ತನ್ನ ಹೊಟ್ಟೆಯನ್ನು ಬಿಟ್ಟು ಬೇರೆ ಕಾರಣಕ್ಕೆ ಯಾರ ಬೆರಳನ್ನೂ ಜಜ್ಜುವುದಿಲ್ಲ.

ಅದಾದ ಕೆಲವೇ ದಿನಕ್ಕೆ ದೊಡ್ಡ ಮಳೆ ಬಂತು. ಬೆಳಗ್ಗೆ ಹಾಲಿಗೆಂದು ಹೊರಟ ಅಕ್ಕ ರಸ್ತೆಯಿಂದಲೇ ಕೂಗಿದಳು. ಓಡಿಹೋದೆ. ಕುಂಟೆ ತುಂಬಿ ತುಳುಕಿತ್ತು. ಒದ್ದೆ ಟಾರಿನ ಮೇಲೆ, ನಿಂತ ಸ್ಕೂಟರುಗಳ ನಡುವೆ, ಕ್ಯಾಟ್‌ಫಿಶ್‌ಗಳು ಎದೆಯ ಮುಳ್ಳು ಊರಿಕೊಂಡು ತೆವಳುತ್ತಿದ್ದವು. ಎಲ್ಲವೂ ಒಂದೇ ಕಡೆಗೆ, ಮೋರಿಯ ಕಡೆಗೆ. ಆ ಮೋರಿ ಕೆಳಗಿನ ಕೆರೆಗೆ ಸೇರುತ್ತದೆ. ಒಂದರ ಮೇಲೆ ನೀರಿನ ಟ್ಯಾಂಕರ್ ಹತ್ತಿತು. ಅರ್ಧ ಮೈ ಅಪ್ಪಚ್ಚಿಯಾಗಿ, ಉಳಿದರ್ಧ ಇನ್ನೂ ತೆವಳುತ್ತಿತ್ತು. ಬೀದಿನಾಯಿಯೊಂದು ಇನ್ನೊಂದನ್ನು ಕಚ್ಚಿ, ಮುಳ್ಳು ಚುಚ್ಚಿ, ಬಾಯಿತುಂಬ ರಕ್ತ ಮಾಡಿಕೊಂಡು ಊಳಿಡುತ್ತಿತ್ತು. ಅಕ್ಕ ಹಾಲಿನ ಪಾತ್ರೆ ಕೆಳಗಿಟ್ಟು, ಸೆರಗಿನಲ್ಲಿ ಒಂದೊಂದನ್ನೇ ಹಿಡಿದು ಮತ್ತೆ ಕುಂಟೆಗೆ ಎಸೆಯುತ್ತಿದ್ದಳು. ಅವು ಮತ್ತೆ ಹತ್ತಿ ಬರುತ್ತಿದ್ದವು. ಕೊನೆಗೆ ಅವಳು ರಸ್ತೆಯಲ್ಲೇ ಕುಸಿದು ಕೂತಳು.

"ಕೆರೆ ಸೇರಿದ್ರೆ ಅಲ್ಲೂ ಇದೇ ಆಗತ್ತೆ ಅಲ್ವಾ?"

ಹೌದು ಎಂದೆ.

"ಮಳೆ ನಿಂತ್ಮೇಲೆ ಪಂಪ್ ತರ್ಸು," ಎಂದಳು.

ಮಳೆ ಬಿಟ್ಟ ಒಂದು ಭಾನುವಾರ ಬಾಡಿಗೆದಾರರು ಪಂಪು ತಂದರು. ಪೈಪಿನ ಬಾಯಿಗೆ ಬಟ್ಟೆ ಸುತ್ತಿ, ನೀರನ್ನು ಕೇರಿಯ ತೋಟದ ಮಣ್ಣಿಗೆ ಬಿಟ್ಟೆವು. ನೀರು ಇಳಿಯುತ್ತಿದ್ದಂತೆ ಉಳಿದಿದ್ದ ಗೆಂಡೆ, ಜಿಲೇಬಿ, ಒಂದೆರಡು ಚೇಳು ಮೀನುಗಳನ್ನು ಬಲೆಯಲ್ಲಿ ಎತ್ತಿ ನೀಲಿ ಡ್ರಮ್ಮಿಗೆ ಹಾಕಿದೆವು. ಅಷ್ಟು ವರ್ಷದ ಕುಂಟೆಗೆ ಒಂದು ಡ್ರಮ್ಮು ಸಾಕಾಯಿತು. ಆಮೇಲೆ ತಳವೇ ಏಳತೊಡಗಿತು. ಕೆಸರೇ ಉಸಿರಾಡುತ್ತಿದೆ ಎನ್ನುವಂತೆ ಕರಿಬೆನ್ನುಗಳು ಒಂದರೊಳಗೊಂದು ಹೆಣೆದುಕೊಂಡು ಹೊರಳಿದವು. ತಿನ್ನಲು ಬೇರೇನೂ ಉಳಿಯದೆ ತಮ್ಮ ಮರಿಗಳನ್ನೇ ತಿನ್ನುತ್ತಿದ್ದವು. ಮೇಲೆ ಹದ್ದುಗಳು ಸೇರಿದವು. ಬಾಡಿಗೆದಾರರು ಗೋಡೆ ಹಿಡಿದು ವಾಂತಿ ಮಾಡಿಕೊಂಡರು.

ನಾನು ಸಲಾಕೆ ತೆಗೆದುಕೊಂಡೆ. ಅಕ್ಕ ಎದುರಿಗೆ ಬಂದು ನಿಂತಳು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಳು, ಕೈಯಲ್ಲಿ ಮರದ ಕೊಡತಿ ಇತ್ತು.

"ನೀನ್ ಮೇಲ್ ಹೋಗು. ನಾನ್ ಹೊಡೀತೀನಿ."

"ಅಕ್ಕ, ನಿನ್ ಪಂಚಶೀಲ..."

"ನೀನ್ ಹೊಡೆದ್ರೆ ಈ ಮನೇಲಿ ಇನ್ನೊಬ್ಬ ಅಪ್ಪ ಹುಟ್ತಾನೆ. ನಾನ್ ಹೊಡೆದ್ರೆ ಬರೀ ಮೀನ್ ಸಾಯತ್ತೆ. ನಾನ್ ಬಿಟ್ಟಿದ್ದು, ನಾನೇ ತೆಗೀತೀನಿ. ಎಲ್ಲಿ ಹೊಡೆದ್ರೆ ಬೇಗ ಸಾಯತ್ತೆ, ಅಷ್ಟ್ ಹೇಳು."

ಕಣ್ಣುಗಳ ಹಿಂದೆ, ನಡುವೆ ಎಂದೆ. ನನ್ನ ಓದು ಅವತ್ತು ಅಷ್ಟಕ್ಕೆ ಬಂತು.

ಅವಳು ಒಂದೊಂದನ್ನೇ ಒದ್ದೆ ಗೋಣಿಯಲ್ಲಿ ಒತ್ತಿ ಹಿಡಿದು, ಮುಖ ಮುಚ್ಚಿ, ಒಂದೇ ಏಟು ಹಾಕುತ್ತಿದ್ದಳು. ಬಯ್ಯಲಿಲ್ಲ, ಹಲ್ಲು ಕಡಿಯಲಿಲ್ಲ. ಬಟ್ಟೆಗೆ ಕತ್ತರಿ ಹಾಕುವಾಗ ಇರುತ್ತಿದ್ದ ಅದೇ ಮುಖ. ಸತ್ತದ್ದನ್ನು ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಬಗ್ಗುತ್ತಿದ್ದಳು. ಮುಳ್ಳುಗಳು ಅವಳ ಮುಂಗೈಯನ್ನು ಗೀರಿ ಗೀರಿ ಕೆಸರು ರಕ್ತ ಒಂದಾದವು. ಹಿಡಿದುಕೊಡುವುದಷ್ಟೇ ನನ್ನ ಕೆಲಸ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಗುಡ್ಡೆಯಾಗಿತ್ತು, ಗುಡ್ಡೆಯ ಅಡಿಯಿಂದ ರಕ್ತ ಇಳಿದು ನಮ್ಮ ಪಾದಕ್ಕೆ ಬರುತ್ತಿತ್ತು. ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ.

ಕೊನೆಗೆ, ಹಳೆಯ ಚಪ್ಪಡಿಯೊಂದು ಕುಸಿದು ಬಿದ್ದಿದ್ದ ಮೂಲೆಯಲ್ಲಿ ಒಂದು ಹೊಂಡ ಮಾತ್ರ ಉಳಿಯಿತು. ಚಪ್ಪಡಿಯ ಸಂದು ಕಿರಿದು. ದೊಡ್ಡ ಮೀನು ನುಗ್ಗುವುದು ಕಷ್ಟ. ಆ ಸಂದಿನ ಬಾಯಲ್ಲಿ ಕೆಸರು ನೀರು ಒಮ್ಮೆ ಕದಡಿತು.

"ಇನ್ನೊಂದಿದೆ," ಎಂದೆ.

ಅಕ್ಕ ಮಂಡಿಯೂರಿ ಎಡಗೈಯನ್ನು ಸಂದಿನೊಳಗೆ ಹಾಕಿದಳು. ಮರುಕ್ಷಣ ಚೀರಿದಳು. ಏನೋ ಅವಳ ಹೆಬ್ಬೆರಳಿನ ಬುಡವನ್ನು ಕಚ್ಚಿ ಜಗ್ಗುತ್ತಿತ್ತು. ನೀರಿಗೆ ರಕ್ತ ಬಂತು. ಬೆಳಗಿನಿಂದ ತಡೆದುಕೊಂಡದ್ದೆಲ್ಲ ಒಮ್ಮೆಲೇ ಅವಳ ಮುಖಕ್ಕೆ ಏರಿತು. ಕೊಡತಿ ತಲೆಯ ಮೇಲಕ್ಕೆ ಹೋಯಿತು. ನನಗೆ ಹೇಳಿದ್ದಳಲ್ಲ, ಅಪ್ಪನ ಆ ಮುಖವೇ ಈಗ ಅವಳಿಗೂ ಬಂದಿತ್ತು.

ಕೈಯನ್ನು ಹೊರಗೆ ಎಳೆದುಕೊಳ್ಳುವಾಗ ಕಚ್ಚಿದ್ದೂ ಜೊತೆಗೆ ಬೆಳಕಿಗೆ ಬಂತು. ಹಾವಿನ ತಲೆ. ಒಂದು ಕಣ್ಣಿರಲಿಲ್ಲ, ಬೆನ್ನಿನ ರೆಕ್ಕೆ ಚಿಂದಿಯಾಗಿತ್ತು. ಗಂಡು ಕುಚ್ಚು. ಅದರ ಹಿಂದೆ ಸಂದಿನಿಂದ ಒಂದು ಹಿಡಿಯಷ್ಟು ಕೆಂಪು ಹೊರಬಂದು, ಅಕ್ಕನ ಮಣಿಕಟ್ಟಿನ ಸುತ್ತ ಮೇಲೆದ್ದು, ಉಸಿರೆಳೆದುಕೊಂಡು, ಮತ್ತೆ ಚಪ್ಪಡಿಯ ಕೆಳಗೆ ಸೇರಿತು.

ಕೊಡತಿ ಅವಳ ಕೈಯಿಂದ ಜಾರಿ ಹಿಂದೆ ಕೆಸರಿಗೆ ಬಿದ್ದಿತು.

ಕುಚ್ಚು ಅವಳನ್ನು ಬಿಟ್ಟು ಸಂದಿನ ಬಾಯಲ್ಲಿ ಅಡ್ಡ ನಿಂತಿತು. ಅಕ್ಕ ಕೈ ಹಿಂದೆ ತೆಗೆಯಲಿಲ್ಲ. ಅದು ಮತ್ತೆ ನುಗ್ಗಿ ಅದೇ ಜಾಗಕ್ಕೆ ಕಚ್ಚಿತು. ಆಗ ಅವಳು ಅತ್ತಳು, ಅಮ್ಮ ಸತ್ತಾಗಲೂ ಅಳದ ಹಾಗೆ, ಬಾಯಿ ತೆರೆದು, ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಜನ ಬಂದು ನಿಲ್ಲುವಂತೆ.

"ಕಚ್ಚು," ಎಂದಳು ಅದಕ್ಕೆ. "ಕಚ್ಚು ಮಗನೆ, ಕಚ್ಚು. ನನ್ನನ್ನೇ ಕಚ್ಬೇಕು ನೀನು."

ಆಮೇಲೆ ನನ್ನ ಕಡೆ ತಿರುಗಿ ಗದರಿದಳು. "ಏನ್ ನೋಡ್ತಾ ನಿಂತಿದ್ಯೋ? ಬೋರ್ ಆನ್ ಮಾಡು. ನೀರ್ ಬಿಡು, ಬೇಗ."